ಐದನೇ ಬೋರ್ಡು ಜೋಡಿಸಿಕೊಟ್ಟ ಉತ್ತರಗಳು

ಅಳಿಯ ಎರಡು ವರ್ಷದಿಂದ ಒಂದೇ ಒಂದು ಬಟನ್ನಿನ ಕೆಲಸ ಮಾಡುತ್ತಿದ್ದ. ಇದನ್ನು ನೆಂಟರಿಷ್ಟರ ಮುಂದೆ ಹೇಳಿಕೊಳ್ಳುವುದು ಅವನ ಹೆಂಡತಿಗೆ ಕಷ್ಟವಾಗುತ್ತಿತ್ತು. ಅವಳ ಅಕ್ಕನ ಗಂಡ ಸೇತುವೆ ಕಟ್ಟುವವನು. ಅದೇ ಎರಡು ವರ್ಷದಲ್ಲಿ ಅವನ ಒಂದು ಸೇತುವೆ ಎದ್ದು ನಿಂತು, ಅದರ ಮೇಲೆ ಲಾರಿಗಳು ಓಡಾಡಿ, ಒಂದು ಕಡೆ ಬಿರುಕು ಬಿಟ್ಟು, ಆ ಬಿರುಕಿನ ರಿಪೇರಿಯೂ ಮುಗಿದು ಹೋಗಿತ್ತು. ಈತನ ಬಟನ್ನು ಮಾತ್ರ ಇನ್ನೂ ಪರೀಕ್ಷೆಯಲ್ಲಿತ್ತು. ಹಾಗಾಗಿ ಯಾರಾದರೂ ಕೇಳಿದರೆ ಅವಳು "ಏನೋ ಕಂಪ್ಯೂಟರಿನದು" ಎಂದು ಹೇಳಿ ಮಾತನ್ನು ಸೇತುವೆಯ ಕಡೆಗೆ ತಿರುಗಿಸುತ್ತಿದ್ದಳು.

ಬಟನ್ನಿನ ಮೇಲೆ 'ಉತ್ತರಿಸಿ' ಎಂದು ಬರೆದಿತ್ತು. ಅಷ್ಟು ಸಣ್ಣ ಪದಕ್ಕೆ ಎರಡು ವರ್ಷ ಏಕೆ ಬೇಕಾಯಿತು ಎಂದರೆ, ಅದು ಒಬ್ಬ ಯಜಮಾನನ ಕೈಯಲ್ಲಿದ್ದ ಜಾಲತಾಣದ ಬಟನ್ನಲ್ಲ. ಆ ತಾಣಕ್ಕೆ ಯಜಮಾನನೇ ಇರಲಿಲ್ಲ. ಅದು ಸಣ್ಣ ಸಣ್ಣ ಅಂಗಳಗಳ ಒಂದು ಒಕ್ಕೂಟ. ಒಂದೊಂದು ಅಂಗಳಕ್ಕೆ ಒಂದೊಂದು ಯಂತ್ರ, ಅದನ್ನು ನೋಡಿಕೊಳ್ಳುವವರು ಒಬ್ಬರು: ಒಂದನ್ನು ಒಬ್ಬ ದಂತವೈದ್ಯರು, ಇನ್ನೊಂದನ್ನು ಒಬ್ಬ ಗ್ರಂಥಪಾಲಕಿ, ಮತ್ತೊಂದನ್ನು ಗಡಿಯಾರ ರಿಪೇರಿಯವರು, ಹೀಗೆ. ನೀವು ಯಾವ ಅಂಗಳಕ್ಕೆ ಸೇರಿದ್ದರೂ ಉಳಿದೆಲ್ಲ ಅಂಗಳದವರ ಜೊತೆ ಮಾತಾಡಬಹುದು ಎನ್ನುವುದೇ ಇದರ ದೊಡ್ಡಸ್ತಿಕೆ.

ಆದರೆ ಯಾರಾದರೂ ಒಂದು ಲಿಂಕ್ ಕಳಿಸಿದರೆ ಸಾಕು, ದೊಡ್ಡಸ್ತಿಕೆ ಎಡವಿ ಬೀಳುತ್ತಿತ್ತು. ಲಿಂಕನ್ನು ಒತ್ತಿದರೆ ನೀವು ಹೋಗಿ ನಿಲ್ಲುವುದು ಬೇರೆಯವರ ಅಂಗಳದಲ್ಲಿ. ಅಲ್ಲಿ ನಿಮ್ಮ ಗುರುತು ಯಾರಿಗೂ ಇಲ್ಲ. ಬರೆದವರು ನಿಮ್ಮ ಸ್ವಂತ ತಂಗಿಯೇ ಆಗಿದ್ದರೂ 'ಉತ್ತರಿಸಿ' ಎಂದು ಒತ್ತಿದ ಕೂಡಲೇ 'ಮೊದಲು ಲಾಗಿನ್ ಆಗಿ' ಎನ್ನುತ್ತದೆ. ನೀವು ನಿಮ್ಮ ಪಾಸ್‌ವರ್ಡ್ ಹಾಕುತ್ತೀರಿ. ತಪ್ಪು ಎನ್ನುತ್ತದೆ. ಇನ್ನೊಮ್ಮೆ ಹಾಕುತ್ತೀರಿ. ಮೂರನೆಯ ಸಲಕ್ಕೆ ನಿಮ್ಮನ್ನು ಕಳ್ಳರ ಪಟ್ಟಿಗೆ ಸೇರಿಸಿ ಬಾಗಿಲು ಹಾಕಿಕೊಳ್ಳುತ್ತದೆ. ಸರಿಯಾದ ದಾರಿ ಒಂದಿತ್ತು. ಲಿಂಕನ್ನು ನಕಲು ಮಾಡಿಕೊಂಡು, ನಿಮ್ಮ ಅಂಗಳಕ್ಕೆ ವಾಪಸು ಬಂದು, ಅಲ್ಲಿನ ಹುಡುಕು ಪಟ್ಟಿಯಲ್ಲಿ ಅಂಟಿಸಿ, ಸ್ವಲ್ಪ ಹೊತ್ತು ಕಾದರೆ ಅದೇ ಬರಹ ನಿಮ್ಮ ಅಂಗಳದಲ್ಲೇ ಕಾಣಿಸಿಕೊಳ್ಳುತ್ತದೆ, ಆಗ ಉತ್ತರಿಸಬಹುದು. ಈ ದಾರಿ ಅದನ್ನು ಕಟ್ಟಿದವರಿಗೆ ಗೊತ್ತಿತ್ತು. ಅವರೂ ನಿಟ್ಟುಸಿರು ಬಿಟ್ಟುಕೊಂಡೇ ಅದರಲ್ಲಿ ನಡೆಯುತ್ತಿದ್ದರು.

ಅಳಿಯನ ಬಟನ್ನು ಈ ಸುತ್ತುದಾರಿಯನ್ನು ತಪ್ಪಿಸಲು ಹುಟ್ಟಿದ್ದು. ಒತ್ತಿದರೆ ಒಂದು ಪೆಟ್ಟಿಗೆ ತೆರೆದುಕೊಂಡು 'ನೀವು ಯಾವ ಅಂಗಳದವರು? ವಿಳಾಸ ಬರೆಯಿರಿ' ಎಂದು ಕೇಳುತ್ತದೆ. ಬರೆದರೆ ನೇರವಾಗಿ ನಿಮ್ಮ ಅಂಗಳಕ್ಕೆ ತಲುಪಿಸುತ್ತದೆ. ಮೊದಲ ಕರಡಿನ ಪರೀಕ್ಷೆಯಲ್ಲಿ ಜನ ಆ ಪೆಟ್ಟಿಗೆಯಲ್ಲಿ ತಮ್ಮ ಹೆಸರು ಬರೆದರು. ಎರಡನೆಯ ಕರಡಿನಲ್ಲಿ ಪಾಸ್‌ವರ್ಡ್ ಬರೆದರು, ಅದೂ ಎಲ್ಲರಿಗೂ ಕಾಣುವ ಹಾಗೆ. ಮೂರನೆಯದಕ್ಕೆ ಅವನು ಹಸಿರು ಅಂಚು ಹಾಕಿದ, ಕೆಳಗೆ ಒಂದು ಮಾದರಿ ಬರೆದ, 'ಹೆದರಬೇಡಿ' ಎಂಬರ್ಥ ಬರುವಂತೆ ಒಂದು ಸಣ್ಣ ಸಾಲನ್ನೂ ಸೇರಿಸಿದ.

"ಇದು ಕೊನೆಯದು" ಎಂದಿದ್ದರು ಒಕ್ಕೂಟದ ಅಧ್ಯಕ್ಷರಾದ ದಂತವೈದ್ಯರು. "ಇದೂ ಆಗದಿದ್ದರೆ ಬಟನ್ನನ್ನೇ ಕಿತ್ತುಬಿಡೋಣ. ಅಲ್ಲಾಡೋದನ್ನ ಇಟ್ಟುಕೊಂಡು ನರಳಬಾರದು."

ಅಳಿಯನಿಗೆ ಕೆಲಸ ಹೋಗುವ ಚಿಂತೆಯೇನೂ ಇರಲಿಲ್ಲ. ಅವನಿಗೆ ಬೇಕಾಗಿದ್ದದ್ದು ಒಂದೇ: ಜೀವಮಾನದಲ್ಲಿ ತಾನು ಮಾಡಿದ್ದೊಂದನ್ನು, ತಾನು ಪಕ್ಕದಲ್ಲಿ ನಿಂತು ವಿವರಿಸದೆ, ಜನ ಉಪಯೋಗಿಸಬೇಕು. ಇದುವರೆಗೆ ಅವನು ಮಾಡಿದ ಪ್ರತಿಯೊಂದರ ಪಕ್ಕದಲ್ಲೂ ಅವನು ನಿಂತಿರಬೇಕಾಗಿತ್ತು.

ಪರೀಕ್ಷೆಗೆ ಕಂಪ್ಯೂಟರಿನ ಗಂಧಗಾಳಿ ಇಲ್ಲದವರು ಬೇಕಾಗಿದ್ದರು. ಅವರನ್ನು ಒದಗಿಸಿದ್ದು ಅತ್ತೆ.

ಅತ್ತೆ ಮಗಳ ಮನೆಯ ಮುಂಭಾಗದ ಕೋಣೆಯಲ್ಲಿದ್ದರು, ಅವರ ಜೊತೆ ಅವರ ದೂರವಾಣಿಯೂ ಇತ್ತು. ವೈರಿನದು, ಮನೆಯಲ್ಲಿ ಅವರೊಬ್ಬರೇ ಅದನ್ನು ಎತ್ತುತ್ತಿದ್ದರು. ಮೂವತ್ತನಾಲ್ಕು ವರ್ಷ ಟ್ರಂಕ್ ಎಕ್ಸ್‌ಚೇಂಜಿನಲ್ಲಿ ಐದನೇ ಬೋರ್ಡಿನ ಮುಂದೆ ಕೂತು, ಊರಿಂದೂರಿಗೆ ಕರೆಗಳನ್ನು ಜೋಡಿಸಿ ನಿವೃತ್ತರಾದವರು. ಅವರ ಜೊತೆಯ ಹನ್ನೆರಡು ಗೆಳತಿಯರು ಇವತ್ತಿಗೂ ಒಬ್ಬರನ್ನೊಬ್ಬರು ಬೋರ್ಡಿನ ಸಂಖ್ಯೆಯಿಂದಲೇ ಕರೆಯುತ್ತಿದ್ದರು. "ಏಳನೇ ಬೋರ್ಡಿಗೆ ಮಂಡಿ ನೋವಂತೆ" ಎಂದು ಅತ್ತೆ ಹೇಳಿದಾಗ ಹೊಸಬರು ಗಾಬರಿಯಾಗುತ್ತಿದ್ದರು. ಒಬ್ಬರು ಮಾತ್ರ ಸೂಪರ್‌ವೈಸರಮ್ಮ. ಅವರಿಗೆ ಸಂಖ್ಯೆ ಇಲ್ಲ, ಇವತ್ತಿಗೂ ಎಲ್ಲರಿಗೂ ಭಯ ಇದೆ.

ಇವರೆಲ್ಲರನ್ನೂ ಅವರವರ ಮಕ್ಕಳು ಮೊಮ್ಮಕ್ಕಳು ಕೈಗೆ ಸಿಕ್ಕ ಅಂಗಳಕ್ಕೆ ಸೇರಿಸಿಬಿಟ್ಟಿದ್ದರು. ಮೂರನೇ ಬೋರ್ಡು ಹೆಣಿಗೆಯವರ ಅಂಗಳದಲ್ಲಿದ್ದರು. ಸೂಪರ್‌ವೈಸರಮ್ಮ ಹಕ್ಕಿ ನೋಡುವವರ ಅಂಗಳದಲ್ಲಿ. ಒಂಬತ್ತನೇ ಬೋರ್ಡು ಯಾರದೋ ಕೈತಪ್ಪಿನಿಂದ ಮೋಟಾರ್‌ಸೈಕಲ್ ಹುಚ್ಚರ ಅಂಗಳಕ್ಕೆ ಬಿದ್ದು, ಅಲ್ಲಿ ಬಹಳ ಮರ್ಯಾದೆಯಿಂದ ಬಾಳುತ್ತಿದ್ದರು.

ಅಳಿಯ ನಿಯಮ ಹೇಳಿದ. ಎರಡು ವಾರ, ದಿನಕ್ಕೆ ಎರಡು ಲಿಂಕ್. ಒಂದೊಂದು ಲಿಂಕೂ ಬೇರೆ ಬೇರೆ ಅಂಗಳದ ಒಂದು ಪ್ರಶ್ನೆಗೆ ಕರೆದೊಯ್ಯುತ್ತದೆ. ಅವರು 'ಉತ್ತರಿಸಿ' ಒತ್ತಿ ಉತ್ತರ ಬರೆಯಬೇಕು. ಯಾರೂ ಯಾರಿಗೂ ಸಹಾಯ ಮಾಡಬಾರದು.

"ಅತ್ತೆ, ನಿಮಗೆ ವಿಶೇಷವಾಗಿ ಹೇಳ್ತಿದ್ದೀನಿ. ನೀವು ಅವರಿಗೆ ಏನೂ ಹೇಳಿಕೊಡಬಾರದು."

"ನಾನ್ಯಾಕೆ ಹೇಳಿಕೊಡಲಿ ಅಳಿಯಂದಿರೇ? ಮೂವತ್ತನಾಲ್ಕು ವರ್ಷದಲ್ಲಿ ಒಬ್ಬರ ಮಾತಿಗೆ ಒಂದು ಪದ ಸೇರಿಸಿದವಳಲ್ಲ ನಾನು."

ಅಳಿಯನಿಗೆ ಸಮಾಧಾನವಾಯಿತು.

ಮೊದಲ ದಿನವೇ ಹನ್ನೆರಡು ಜನರಲ್ಲಿ ಹತ್ತು ಜನ ಉತ್ತರಿಸಿದರು. ಎರಡನೆಯ ದಿನ ಹನ್ನೆರಡೂ ಜನ. ನಾಲ್ಕನೆಯ ದಿನದ ಹೊತ್ತಿಗೆ ಲಿಂಕ್ ಹೋದ ಎರಡು ಮೂರು ನಿಮಿಷದಲ್ಲಿ ಉತ್ತರ ಬರತೊಡಗಿತು. ಅಳಿಯ ಪರದೆಯನ್ನು ಮುಟ್ಟಿ ಮುಟ್ಟಿ ನೋಡಿದ. ಅವನೇ ಆದರೂ ಅಷ್ಟು ಬೇಗ ಉತ್ತರಿಸಲಾರ. ಯಾರು ಎಲ್ಲಿ ಒತ್ತಿದರು, ಎಷ್ಟು ಸಲ ಒತ್ತಿದರು ಎಂದು ಗುಟ್ಟಾಗಿ ಗಮನಿಸುವುದು ಈ ಅಂಗಳಗಳಲ್ಲಿ ಮಹಾಪಾತಕ. ಅದನ್ನು ತಪ್ಪಿಸಿಕೊಳ್ಳಲೆಂದೇ ಜನ ಇಲ್ಲಿಗೆ ಬಂದದ್ದು. ಹಾಗಾಗಿ ಅವನಿಗೆ ಕಾಣುತ್ತಿದ್ದದ್ದು ಉತ್ತರ ಬಂತು ಎನ್ನುವುದು ಮತ್ತು ಯಾವ ಹೊತ್ತಿಗೆ ಬಂತು ಎನ್ನುವುದು, ಇಷ್ಟೇ. ಇಷ್ಟು ಸಾಕಾಗಿತ್ತು. ವಾರದ ಕೊನೆಗೆ ಅವನು ಸ್ನಾನ ಮಾಡುವಾಗ ಹಾಡತೊಡಗಿದ.

"ಏನ್ರೀ ಇದು, ಹೊಸದು?" ಎಂದಳು ಹೆಂಡತಿ.

"ಹಸಿರು ಅಂಚು" ಎಂದ ಅವನು. "ಎಲ್ಲ ಆ ಹಸಿರು ಅಂಚಿನ ಮಹಿಮೆ."

ವರದಿ ಬರೆಯಲು ಕೂತಾಗ ಒಂದು ವಿಚಿತ್ರ ಕಣ್ಣಿಗೆ ಬಿತ್ತು. ಉತ್ತರಗಳೆಲ್ಲ ಬೆಳಿಗ್ಗೆ ಹತ್ತರಿಂದ ಒಂದರವರೆಗೆ, ಮತ್ತೆ ಎರಡೂವರೆಯಿಂದ ಐದೂವರೆಯವರೆಗೆ ಬಂದಿದ್ದವು. ಮಧ್ಯದ ಒಂದೂವರೆ ಗಂಟೆ ಖಾಲಿ. ಹನ್ನೆರಡು ಮನೆ, ಹನ್ನೆರಡು ಹೆಂಗಸರು, ಹನ್ನೆರಡು ಬಗೆಯ ಹಸಿವು; ಆದರೂ ಒಂದರಿಂದ ಎರಡೂವರೆಯ ತನಕ ಒಂದು ಉತ್ತರವೂ ಇಲ್ಲ. ಎರಡನೆಯ ವಾರದ ಬುಧವಾರವಂತೂ ಬೆಳಗಿನ ಹೊತ್ತು ಪೂರ್ತಿ ಸ್ಮಶಾನಮೌನ. ಅಳಿಯ ಓದಿಕೊಂಡವನು. ಓದಿಕೊಂಡವರಿಗೆ ಕಾರಣ ಸಿಗದ ಸಂಗತಿ ಎಂಬುದು ಇರುವುದಿಲ್ಲ. 'ಹಿರಿಯ ಬಳಕೆದಾರರಲ್ಲಿ ಮಧ್ಯಾಹ್ನದ ಅವಧಾನದ ಇಳಿತ' ಎಂಬ ತಲೆಬರಹದ ಕೆಳಗೆ ಎರಡೂವರೆ ಪುಟ ಬರೆದ. ಬುಧವಾರಕ್ಕೆ ಪ್ರತ್ಯೇಕ ಅಡಿಟಿಪ್ಪಣಿ ಹಾಕಿ ಹವಾಮಾನವನ್ನು ದೂರಿದ.

ಒಕ್ಕೂಟದ ಸಭೆಗೆ ಒಂದು ದಿನ ಮುಂಚೆ, ಬೆಳಿಗ್ಗೆ ಹತ್ತೂವರೆಗೆ, ಮರೆತುಹೋಗಿದ್ದ ಚಾರ್ಜರಿಗಾಗಿ ಅವನು ಮನೆಗೆ ವಾಪಸು ಬಂದ. ಮುಂದಿನ ಕೋಣೆಯಿಂದ ಒಂದು ದನಿ ಕೇಳಿತು. ಅತ್ತೆಯದೇ, ಆದರೆ ಅತ್ತೆಯದಲ್ಲ. ಉಪ್ಪು ಮುಗಿದಿದೆ ಎಂದು ಹೇಳುವ ಅತ್ತೆಯ ದನಿ ಬೇರೆ. ಇದು ಇಸ್ತ್ರಿ ಮಾಡಿದ ದನಿ.

"ಐದನೇ ಬೋರ್ಡು... ಹೇಳಿ... ಗ್ರಂಥಾಲಯದ ಅಂಗಳದ ಪ್ರಶ್ನೆನಾ? ಇರಿ, ಕೊಡ್ತಿದ್ದೀನಿ... ಬಂತಾ? ಮಾತಾಡಿ."

ಅಳಿಯ ಬಾಗಿಲಲ್ಲಿ ನಿಂತ. ಅತ್ತೆ ನೆಟ್ಟಗೆ ಕೂತಿದ್ದರು. ಕಿವಿಗೂ ಹೆಗಲಿಗೂ ನಡುವೆ ರಿಸೀವರು, ಎದುರಿಗೆ ಅವರ ಮೊಬೈಲು, ಪಕ್ಕದಲ್ಲಿ ಉದ್ದನೆಯ ನೋಟ್‌ಬುಕ್ಕು. ಅವನನ್ನು ಕಂಡು ಒಂದು ಬೆರಳೆತ್ತಿ 'ತಡೆಯಿರಿ' ಎಂದು ಸನ್ನೆ ಮಾಡಿ, ಮೊಬೈಲಿನಲ್ಲಿ ಏನೋ ಅಂಟಿಸಿ, ಕಳಿಸಿ, ನೋಟ್‌ಬುಕ್ಕಿನಲ್ಲಿ ಗೀಟು ಹಾಕಿ, ಆಮೇಲೆ ಕನ್ನಡಕ ತೆಗೆದರು.

"ಅತ್ತೆ, ಏನು ಮಾಡ್ತಿದ್ದೀರಿ?"

"ಪಾಳಿ."

ನೋಟ್‌ಬುಕ್ಕಿನಲ್ಲಿ ಪುಟಕ್ಕೊಬ್ಬರಂತೆ ಗೆಳತಿಯರಿದ್ದರು. ಪುಟದ ತಲೆಯಲ್ಲಿ ಬೋರ್ಡಿನ ಸಂಖ್ಯೆ, ಕೆಳಗೆ ಆಕೆಯ ಅಂಗಳದ ವಿಳಾಸ, ಅದರ ಮುಂದೆ ಸೇರಿಸಬೇಕಾದ ಅಕ್ಷರಗಳ ಒಂದು ತುಂಡು ಸಾಲು, ಆಮೇಲೆ ಒಂದು ಖಾಲಿ ಗೆರೆ. ಗೆಳತಿ ಕಳಿಸಿಕೊಟ್ಟ ಲಿಂಕನ್ನು ಮೊಬೈಲಿನಲ್ಲಿ ಆ ಖಾಲಿ ಗೆರೆಯ ಜಾಗಕ್ಕೆ ಅಂಟಿಸಿದರೆ, ಹೊಸ ಲಿಂಕೊಂದು ಹುಟ್ಟುತ್ತಿತ್ತು. ಅದನ್ನು ಒತ್ತಿದರೆ ಪರರ ಬರಹ ಆಕೆಯ ಸ್ವಂತ ಅಂಗಳದಲ್ಲೇ ತೆರೆದುಕೊಳ್ಳುತ್ತಿತ್ತು. ಅಳಿಯನಿಗೆ ನೆನಪಾಯಿತು: ಮೂರು ತಿಂಗಳ ಹಿಂದೆ ಅತ್ತೆಗೆ ತಾನೇ ಒಂದು ಚೀಟಿಯಲ್ಲಿ ಈ ಉಪಾಯವನ್ನು ಬರೆದುಕೊಟ್ಟಿದ್ದ. ಒಂದು ಚೀಟಿಯಿಂದ ಅವರು ಒಂದು ಎಕ್ಸ್‌ಚೇಂಜನ್ನೇ ಎಬ್ಬಿಸಿದ್ದರು.

"ಸಹಾಯ ಮಾಡಬೇಡಿ ಅಂತ ಬಾಯಿಬಿಟ್ಟು ಹೇಳಿದ್ನಲ್ಲ!"

"ಎಲ್ಲಿ ಸಹಾಯ ಮಾಡಿದೆ? ಕನೆಕ್ಷನ್ ಕೊಟ್ಟೆ."

"ಅದೇ ಸಹಾಯ!"

ಅತ್ತೆ ಅವನನ್ನು ಹೊಸದಾಗಿ ಕೆಲಸಕ್ಕೆ ಸೇರಿದವರನ್ನು ನೋಡುವ ಹಾಗೆ ನೋಡಿದರು. "ಸಹಾಯ ಅಂದ್ರೆ ಏನು ಮಾತಾಡಬೇಕು ಅಂತ ಹೇಳೋದು. ಅದನ್ನ ಮಾಡಿದ್ರೆ ನಮ್ಮಲ್ಲಿ ಮೆಮೋ ಕೊಡ್ತಿದ್ರು. ಎರಡನೇ ಬೋರ್ಡು ಒಂದು ಸಲ ಯಾರದೋ ಮದುವೆ ಮಾತುಕತೆ ಮಧ್ಯೆ 'ಬೇಡ ಅನ್ನಿ' ಅಂದುಬಿಟ್ಟು ಆರು ತಿಂಗಳು ಬಡ್ತಿ ಕಳ್ಕೊಂಡಳು. ಕನೆಕ್ಷನ್ ಕೊಡೋದು ಹೇಗೆ ಸಹಾಯ ಆಗತ್ತೆ? ಅದು ಇದ್ದೇ ಇರತ್ತೆ."

"ಮತ್ತೆ ಅವರು? ಪ್ರಶ್ನಾವಳಿಯಲ್ಲಿ 'ನಿಮಗೆ ಯಾರಾದರೂ ಸಹಾಯ ಮಾಡಿದರೇ' ಅಂತ ಕೇಳಿದ್ದೆ. ಹನ್ನೆರಡು ಜನವೂ 'ಇಲ್ಲ' ಅಂತ ಬರೆದಿದ್ದಾರೆ. ಸೂಪರ್‌ವೈಸರಮ್ಮ ಕೂಡ!"

"ಸರಿಯಾಗೇ ಬರೆದಿದ್ದಾರೆ. ಆಪರೇಟರ್ ಯಾವತ್ತೂ ಲೆಕ್ಕಕ್ಕೆ ಬರಲ್ಲ ಅಳಿಯಂದಿರೇ. ನೀವು ಫೋನಿನಲ್ಲಿ ನಿಮ್ಮ ಅಣ್ಣನ ಜೊತೆ ಮಾತಾಡಿದ್ರೆ, 'ಅಣ್ಣನ ಜೊತೆ, ಮತ್ತೆ ಒಬ್ಬ ಆಪರೇಟರಮ್ಮನ ಜೊತೆ ಮಾತಾಡಿದೆ' ಅಂತೀರಾ?"

ಅಳಿಯ ಕುರ್ಚಿ ಎಳೆದುಕೊಂಡು ಕೂತ. "ಹೋಗಲಿ, ಒಬ್ಬರಾದರೂ ನನ್ನ ಬಟನ್ ಒತ್ತಿದ್ದಾರಾ?"

"ಮೂರನೇ ಬೋರ್ಡು ಒತ್ತಿದ್ಲು, ಮೊದಲನೇ ದಿನ. ಒಂದು ಪೆಟ್ಟಿಗೆ ಬಂತಂತೆ. 'ಯಾರೋ ನಾನು ಎಲ್ಲಿಯವಳು ಅಂತ ಕೇಳ್ತಿದ್ದಾನೆ, ಏನು ಮಾಡಲಿ' ಅಂತ ನನಗೆ ಫೋನ್ ಮಾಡಿದ್ಲು."

"ನೀವೇನಂದ್ರಿ?"

"ಗುರುತಿಲ್ಲದವರಿಗೆಲ್ಲ ಯಾಕೆ ಹೇಳ್ತೀಯ, ಮುಚ್ಚಿಬಿಡು ಅಂದೆ. ಎಲ್ಲರಿಗೂ ಹಾಗೇ ಹೇಳಿಬಿಟ್ಟೆ."

ಬುಧವಾರ ಏನಾಗಿತ್ತು ಎಂದು ಅವನು ಕ್ಷೀಣವಾಗಿ ಕೇಳಿದ. ಬುಧವಾರ ಅತ್ತೆ ಹಲ್ಲಿನ ಡಾಕ್ಟರ ಹತ್ತಿರ ಹೋಗಿದ್ದರು. ಹವಾಮಾನದ ತಪ್ಪು ಎಳ್ಳಷ್ಟೂ ಇರಲಿಲ್ಲ.

ಮರುದಿನ ನಾಲ್ಕಕ್ಕೆ ಸಭೆ. ಹೆಂಡತಿ ಬೆಳಿಗ್ಗೆ ತಿಂಡಿಯ ಹೊತ್ತಿಗೆ ಕೇಳಿದಳು, "ಈಗೇನು ಮಾಡ್ತೀರಿ?"

"ನಿಮ್ಮಮ್ಮ ನೂರು ವರ್ಷ ಗಟ್ಟಿಯಾಗಿರಲಿ ಅಂತ ಹಾರೈಸಬಹುದು."

"ವರದಿಯಲ್ಲಿ ಹಾಕ್ತೀರಾ ಅದನ್ನ?"

ವರದಿ ನಲವತ್ತು ಪುಟವಿತ್ತು, ಒಳ್ಳೆಯ ಕಾಗದದ ಮೇಲೆ ಅಚ್ಚಾಗಿತ್ತು. ಅದರಲ್ಲಿ ಒಂದು ಸುಳ್ಳಕ್ಷರವೂ ಇರಲಿಲ್ಲ. ಹನ್ನೆರಡು ಜನ ಉತ್ತರಿಸಿದ್ದರು, ಬೇಗ ಉತ್ತರಿಸಿದ್ದರು, ಯಾರೂ ಸಹಾಯ ಮಾಡಲಿಲ್ಲ ಎಂದು ಅವರೇ ಬರೆದಿದ್ದರು. ಬಾಯಿ ಮುಚ್ಚಿಕೊಂಡಿದ್ದರೆ ಸಾಕು, ಬಟನ್ನು ಉಳಿಯುತ್ತಿತ್ತು. ಬಾಯಿ ಮುಚ್ಚಿಕೊಂಡಿರಬೇಕೋ ಬೇಡವೋ ಎಂದು ತೀರ್ಮಾನವಾಗದೆಯೇ ಅವನು ಹೊರಟ.

ಸಭೆ ಸೇರಿದ್ದು ದಂತವೈದ್ಯರ ಚಿಕಿತ್ಸಾಲಯದ ಕಾಯುವ ಕೋಣೆಯಲ್ಲಿ. ಅಂಗಳ ನೋಡಿಕೊಳ್ಳುವ ಏಳು ಜನ ಗೋಡೆಗೆ ಒರಗಿಸಿದ ಕುರ್ಚಿಗಳಲ್ಲಿ, ತಮ್ಮ ಸರದಿ ಯಾವಾಗ ಬರುವುದೋ ಎನ್ನುವ ಮುಖ ಮಾಡಿಕೊಂಡು ಕೂತಿದ್ದರು. ಆ ಕೋಣೆಯ ಗುಣವೇ ಹಾಗೆ. ಮೇಜಿನ ಮೇಲೆ ಪ್ಲಾಸ್ಟರಿನ ದವಡೆಯೊಂದು ಬಾಯಿ ತೆರೆದುಕೊಂಡಿತ್ತು. ದಂತವೈದ್ಯರು ವರದಿಯ ಕೊನೆಯ ಪುಟವನ್ನು ಮೊದಲು ಓದುವವರು.

"ಹನ್ನೆರಡಕ್ಕೆ ಹನ್ನೆರಡು!" ಎಂದರು. ಎಲ್ಲರೂ ಚಪ್ಪಾಳೆ ತಟ್ಟಿದರು.

"ಡಾಕ್ಟ್ರೇ, ಒಂದು ಮಾತು..." ಎಂದ ಅಳಿಯ.

"ನೀವು ಮಾತಾಡಬೇಡಿ" ಎಂದರು ದಂತವೈದ್ಯರು, ಇಡೀ ದಿನ ಜನರಿಗೆ ಅದನ್ನೇ ಹೇಳುವ ಅಭ್ಯಾಸಬಲದಿಂದ. "ಒಳ್ಳೆ ಬಟನ್ನಿಗೆ ವಕೀಲರು ಬೇಕಿಲ್ಲ. ನಾನೇ ಒತ್ತಿ ನೋಡ್ತೀನಿ, ಎಲ್ಲರ ಮುಂದೆ."

ಅವರು ಗ್ರಂಥಪಾಲಕಿಯ ಅಂಗಳದ ಒಂದು ಬರಹವನ್ನು ತಮ್ಮ ಮೊಬೈಲಿನಲ್ಲಿ ತೆರೆದು 'ಉತ್ತರಿಸಿ' ಒತ್ತಿದರು. ಹಸಿರು ಅಂಚಿನ ಪೆಟ್ಟಿಗೆ ಬಂತು. ದಂತವೈದ್ಯರು ಅದನ್ನು ಓದಿದರು. ಇನ್ನೊಂದು ಸಲ ಓದಿದರು. ಆರು ವರ್ಷದಿಂದ ಒಕ್ಕೂಟದ ಅತಿ ದೊಡ್ಡ ಅಂಗಳವನ್ನು ನಡೆಸುತ್ತಿದ್ದ ಅವರಿಗೆ ಅದರ ವಿಳಾಸವನ್ನು ಕೈಯಾರೆ ಬರೆಯುವ ಸಂದರ್ಭ ಎಂದೂ ಬಂದಿರಲಿಲ್ಲ. ಏನೋ ಬರೆದರು. 'ಇಂಥ ಅಂಗಳ ಇಲ್ಲ' ಎಂದಿತು ಪೆಟ್ಟಿಗೆ. ಚುಕ್ಕೆಯೊಂದನ್ನು ಸರಿಸಿ ನೋಡಿದರು. ಆಗಲೂ ಇರಲಿಲ್ಲ.

"ಒಂದು ನಿಮಿಷ" ಎಂದರು. "ಪೇಷೆಂಟ್ ಫೋನು." ಫೋನು ಸದ್ದು ಮಾಡಿರಲಿಲ್ಲ. ಚಿಕಿತ್ಸೆಯ ಕೋಣೆಗೆ ಹೋಗಿ ಬಾಗಿಲು ಹಾಕಿಕೊಂಡರು. ಆ ಬಾಗಿಲು ನೋವನ್ನು ಮುಚ್ಚಿಡಲು ಮಾಡಿದ್ದೇ ಹೊರತು ಮಾತನ್ನಲ್ಲ.

"ಐದನೇ ಬೋರ್ಡಾ?" ಎಂಬ ಪಿಸುದನಿ ಎಲ್ಲರಿಗೂ ಕೇಳಿಸಿತು. "ಹೌದು, ನಾನೇ, ಹಲ್ಲು... ಗ್ರಂಥಾಲಯಕ್ಕೆ... ಬಂತು, ಬಂತು." ಬುಧವಾರದ ಹಲ್ಲಿನ ಡಾಕ್ಟರು ಯಾರೆಂದು ಅಳಿಯನಿಗೆ ಆಗ ತಿಳಿಯಿತು.

ಅವರು ಹೊರಗೆ ಬಂದು ಮೊಬೈಲನ್ನು ಎತ್ತಿ ಹಿಡಿದಾಗ ಅದರಲ್ಲಿ ಅವರ ಉತ್ತರ ಬೆಳಗುತ್ತಿತ್ತು. "ನೋಡಿದಿರಾ, ಎಷ್ಟು ಸಲೀಸು! ವಿವರಣೆಯೇ ಬೇಕಿಲ್ಲ. ತನ್ನಷ್ಟಕ್ಕೆ ತಾನು ನಿಲ್ಲತ್ತೆ."

ಎರಡು ವರ್ಷದಿಂದ ಅಳಿಯ ಯಾವ ಮಾತಿಗಾಗಿ ಕಿವಿ ನೆಟ್ಟಗೆ ಮಾಡಿಕೊಂಡು ಕಾದಿದ್ದನೋ ಅದೇ ಮಾತು. ಒಂದಕ್ಷರವೂ ಆಚೀಚೆ ಇಲ್ಲ. ಆದರೂ ಅವನು ಎದ್ದು ನಿಂತ.

"ಡಾಕ್ಟ್ರೇ, ನೀವು ಈಗ ಮಾತಾಡಿದ್ದು ನಮ್ಮ ಅತ್ತೆ ಜೊತೆ."

ದಂತವೈದ್ಯರ ಮುಖ ಹುಳ್ಳಗಾಯಿತು. ಅಳಿಯ ಇದ್ದದ್ದೆಲ್ಲವನ್ನೂ ಹೇಳಿದ: ನೋಟ್‌ಬುಕ್ಕು, ಪಾಳಿ, ಊಟದ ವಿರಾಮ, ಮುಚ್ಚಿಬಿಡು ಎಂದು ಹೇಳಿಸಿಕೊಂಡ ಪೆಟ್ಟಿಗೆ. ಈ ಹನ್ನೆರಡು ಜನರಲ್ಲಿ ಒಬ್ಬರೂ ಬಟನ್ನನ್ನು ಎರಡನೆಯ ಸಲ ಒತ್ತಿಲ್ಲ ಎಂದ. ಹೇಳುತ್ತ ಹೋದಂತೆ ಗ್ರಂಥಪಾಲಕಿ ತಮ್ಮ ಚೀಲದೊಳಗೆ ಏನನ್ನೋ ಹುಡುಕತೊಡಗಿದರು. ಗಡಿಯಾರ ರಿಪೇರಿಯವರು ಛಾವಣಿಯನ್ನು ಪರೀಕ್ಷಿಸಿದರು.

"ಐದನೇ ಬೋರ್ಡು ನಿಮ್ಮ ಅತ್ತೆಯಾ?" ಎಂದರು ಗ್ರಂಥಪಾಲಕಿ ಕೊನೆಗೆ. "ನನಗೆ ಡಾಕ್ಟ್ರು ನಂಬರ್ ಕೊಟ್ರು. ನಾನು ಅದು ಯಾವುದೋ ಹೊಸ ಸಾಫ್ಟ್‌ವೇರು ಅಂದುಕೊಂಡಿದ್ದೆ. ಮನುಷ್ಯರು ಅಷ್ಟು ಚೆನ್ನಾಗಿ ಮಾತಾಡಲ್ಲ ನೋಡಿ."

"ನನಗೂ ಕೊಟ್ಟಿದ್ದರು" ಎಂದರು ಗಡಿಯಾರದವರು. "ಕೆಲಸ ಅಚ್ಚುಕಟ್ಟು. ಗಂಟೆ ಹೊಡೆದ ಹಾಗೆ."

ಏಳು ಜನರಲ್ಲಿ ನಾಲ್ಕು ಜನರ ಹತ್ತಿರ ಅತ್ತೆಯ ನಂಬರ್ ಇತ್ತು. ಉಳಿದ ಮೂವರು ಈಗ ಬರೆದುಕೊಂಡರು. ಚರ್ಚೆ ಬಟನ್ನನ್ನು ಬಿಟ್ಟು ಅತ್ತೆಯ ಕಡೆ ಹೊರಳಿತು. ಬಟನ್ನನ್ನು ತೆಗೆದು ಆ ಜಾಗದಲ್ಲಿ ನಂಬರನ್ನೇ ಹಾಕಿಬಿಟ್ಟರೆ ಹೇಗೆ ಎಂದರು ಒಬ್ಬರು. ಹಸಿರು ಅಂಚನ್ನು ಉಳಿಸಿಕೊಳ್ಳಬಹುದು ಎಂದು ಇನ್ನೊಬ್ಬರು ಅಳಿಯನಿಗೆ ಸಮಾಧಾನ ಹೇಳಿದರು. ದಂತವೈದ್ಯರು ಮಾತ್ರ, ಸಿಕ್ಕಿಬಿದ್ದ ನಾಚಿಕೆಯಿಂದಲೋ ಏನೋ, ಉದಾರಿಯಾದರು.

"ಒಂದು ವಾರ ಕೊಡೋಣ. ಆಗದಿದ್ದರೆ ಬಟನ್ ಕಿತ್ತು ನಂಬರ್ ಹಾಕೋದು."

ಮಾವಂದಿರಿಗೆ, ಷಡ್ಡಕರಿಗೆ ಸೋತ ಅಳಿಯಂದಿರನ್ನು ಲೋಕ ಕಂಡಿದೆ. ಅತ್ತೆಯ ಮೊಬೈಲಿಗೂ ಒಂದು ನೋಟ್‌ಬುಕ್ಕಿಗೂ ಸೋತವನು ಇವನೊಬ್ಬನೇ ಇರಬೇಕು. ಮನೆಗೆ ಬಂದವನು ನೇರವಾಗಿ ಮುಂದಿನ ಕೋಣೆಗೆ ಹೋಗಿ, ನಾಳೆ ಒಂದು ಪಾಳಿ ನಿಮ್ಮ ಪಕ್ಕದಲ್ಲಿ ಕೂತು ನೋಡಬಹುದಾ ಎಂದು ಕೇಳಿದ.

"ಕೂತ್ಕೊಳ್ಳಿ. ಆದರೆ ತುಟಿಪಿಟಕ್ಕೆನ್ನಬಾರದು."

ಮರುದಿನ ಅವನು ತುಟಿ ಬಿಗಿದುಕೊಂಡು ಮೂರು ಗಂಟೆ ಕೂತ. ಪರೀಕ್ಷೆ ಮುಗಿದಿದ್ದರೂ ಬೋರ್ಡುಗಳು ಸುಮ್ಮನಿರಲಿಲ್ಲ. ಒಬ್ಬರ ಬರಹಕ್ಕೆ ಒಬ್ಬರು ಉತ್ತರಿಸುವ ರುಚಿ ಹತ್ತಿತ್ತು. ಮೋಟಾರ್‌ಸೈಕಲ್ಲಿನ ಅಂಗಳದಿಂದ ಒಂಬತ್ತನೇ ಬೋರ್ಡು, ಹಕ್ಕಿಗಳ ಅಂಗಳಕ್ಕೆ. ಹೆಣಿಗೆಯಿಂದ ಮೂರನೇ ಬೋರ್ಡು, ಮೋಟಾರ್‌ಸೈಕಲ್ಲಿಗೆ. ಮೂವತ್ತೊಂದು ಕರೆ ಬಂದವು. ಅತ್ತೆ ಒಬ್ಬೊಬ್ಬರಿಗೂ "ಎಲ್ಲಿಗೆ?" ಎಂದು ಕೇಳಿದರೇ ಹೊರತು ಒಬ್ಬರನ್ನೂ "ಎಲ್ಲಿಂದ?" ಎಂದು ಕೇಳಲಿಲ್ಲ.

ಒಂದು ಗಂಟೆಗೆ ಅವರು ರಿಸೀವರ್ ಇಟ್ಟ ಮೇಲೆ ಅಳಿಯ ಬಾಯಿ ಬಿಟ್ಟ. "ನೀವು ಯಾವ ಅಂಗಳದವರು ಅಂತ ಯಾರನ್ನೂ ಕೇಳೋದೇ ಇಲ್ಲವಲ್ಲ?"

"ಯಾಕೆ ಕೇಳಬೇಕು? ಬೋರ್ಡಿನಲ್ಲಿ ದೀಪ ಹತ್ತಿತು ಅಂದ್ರೆ ಯಾರ ಮನೆಯಿಂದ ಅಂತ ದೀಪವೇ ಹೇಳ್ತಿತ್ತು. ಈಗ ದೀಪ ಇಲ್ಲ, ದನಿ ಇದೆ. ಕರೆ ಮಾಡಿದವರನ್ನ ನೀವ್ಯಾರು ಅಂತ ಕೇಳಿದ್ರೆ ಸೂಪರ್‌ವೈಸರಮ್ಮ ಹಿಂದಿನಿಂದ ಬಂದು ತಲೆಗೆ ಮೊಟಕ್ತಿದ್ರು. ನಮಗೆ ಗೊತ್ತಿರಬೇಕಾದ್ದನ್ನ ಅವರ ಹತ್ತಿರ ಕೇಳೋದು ಅಂದ್ರೆ ಏನರ್ಥ?"

"ಹೊಸಬರು ಬಂದ್ರೆ?"

"ಒಂದೇ ಒಂದು ಸಲ ಕೇಳ್ತೀನಿ. ಬರ್ಕೊಂಡುಬಿಡ್ತೀನಿ."

ಅಳಿಯ ಆ ನೋಟ್‌ಬುಕ್ಕಿನ ಪುಟಗಳನ್ನು ತಿರುವಿದ. ಎರಡು ವರ್ಷ ಅವನು ಆ ಪೆಟ್ಟಿಗೆಗೆ ಬಣ್ಣ ಬಳಿದಿದ್ದ, ಅಂಚು ಕಟ್ಟಿದ್ದ, ಅದಕ್ಕೆ ವಿನಯ ಕಲಿಸಿದ್ದ. ಅದು ಅಲ್ಲಿರುವುದೇ ತಪ್ಪು ಎಂದು ಒಂದು ಸಲವೂ ಹೊಳೆದಿರಲಿಲ್ಲ. ಪ್ರಶ್ನೆಯನ್ನು ಎಷ್ಟು ಚಂದವಾಗಿ ಕೇಳಬೇಕು ಎಂದು ತಲೆ ಕೆಡಿಸಿಕೊಂಡವನಿಗೆ ಪ್ರಶ್ನೆಯನ್ನೇ ಕೇಳದಿರಬಹುದು ಎಂದು ಹೊಳೆಯುವುದು ಕಷ್ಟ.

ಪೆಟ್ಟಿಗೆಯನ್ನು ಕಿತ್ತುಹಾಕಿದ. ಹಸಿರು ಅಂಚೂ ಅದರ ಜೊತೆಗೇ ಹೋಯಿತು. ಅದಕ್ಕಾಗಿ ಅರ್ಧ ದಿನ ಮಂಕಾಗಿದ್ದ. ಬದಲಿಗೆ ಒಂದು ನೋಟ್‌ಬುಕ್ಕಿನ ಪುಟವನ್ನು ಪ್ರತಿಯೊಬ್ಬರ ಮೊಬೈಲಿನೊಳಗೇ ಇಟ್ಟ. ಜನ ತಮ್ಮ ಅಂಗಳಕ್ಕೆ ಸೇರುವಾಗ ಒಂದು ಸಲ ಅದು ಬರೆದುಕೊಳ್ಳುತ್ತದೆ. ಆಮೇಲೆ ಯಾರ ಅಂಗಳದಲ್ಲಿ ನಿಂತು 'ಉತ್ತರಿಸಿ' ಒತ್ತಿದರೂ ತುಟಿಪಿಟಕ್ಕೆನ್ನದೆ ಅವರ ಅಂಗಳಕ್ಕೇ ಕರೆದುಕೊಂಡು ಹೋಗುತ್ತದೆ. ಆ ಪುಟ ಅವರ ಮೊಬೈಲನ್ನು ಬಿಟ್ಟು ಆಚೆ ಹೋಗುವುದಿಲ್ಲವಾದ್ದರಿಂದ ಅಂಗಳದವರ ನೇಮಕ್ಕೂ ಭಂಗವಿಲ್ಲ. ಮೂರು ದಿನದಲ್ಲಿ ಕೆಲಸ ಮುಗಿಯಿತು. ಉಳಿದ ಎರಡು ದಿನ, ಇಷ್ಟು ಬೇಗ ಮುಗಿದದ್ದು ಯಾರಿಗೂ ಗೊತ್ತಾಗಬಾರದೆಂದು ಓಡಾಡಿಕೊಂಡಿದ್ದ.

ಹೊಸ ಪರೀಕ್ಷೆಯ ಬೆಳಿಗ್ಗೆ ಅತ್ತೆಯ ಹತ್ತಿರ ಹೋಗಿ ಕೈಮುಗಿದ. "ಇವತ್ತೊಂದು ದಿನ ಫೋನ್ ಎತ್ತಬೇಡಿ ಅತ್ತೆ."

"ಗಂಟೆ ಆಗ್ತಿದ್ದರೆ ಎತ್ತದೆ ಕೂರೋದು ನನ್ನ ಕೈಲಾಗಲ್ಲ. ನನಗೆ ಹೇಳೋ ಬದಲು ಗಂಟೆ ಆಗದ ಹಾಗೆ ಮಾಡಿ."

ನ್ಯಾಯವಾದ ಮಾತು. ಹತ್ತು ಗಂಟೆಗೆ ಅವನು ಹನ್ನೆರಡು ಜನರಿಗೂ ಲಿಂಕ್ ಕಳಿಸಿ ಮುಂದಿನ ಕೋಣೆಯಲ್ಲಿ ಬಂದು ಕೂತ. ಅತ್ತೆ ಕನ್ನಡಕ ಹಾಕಿಕೊಂಡು, ನೋಟ್‌ಬುಕ್ಕು ಬಿಡಿಸಿಕೊಂಡು ಸಿದ್ಧರಾಗಿದ್ದರು. ಇಬ್ಬರೂ ದೂರವಾಣಿಯನ್ನು, ಅದು ಈಗಲೋ ಆಗಲೋ ಹಾರಿಹೋಗುತ್ತದೇನೋ ಎಂಬಂತೆ ನೋಡುತ್ತಿದ್ದರು. ಇಬ್ಬರ ಪ್ರಾರ್ಥನೆಯೂ ಒಂದೇ ಆಗಿರಲಿಲ್ಲ.

ಹತ್ತೂ ಐದಕ್ಕೆ ಅಳಿಯನ ಪರದೆಯ ಮೇಲೆ ಒಂಬತ್ತನೇ ಬೋರ್ಡಿನ ಉತ್ತರ ಬಂತು. ಆಮೇಲೆ ಏಳನೇ, ಹನ್ನೊಂದನೇ, ಎರಡನೇ ಬೋರ್ಡಿನವು. ಸೂಪರ್‌ವೈಸರಮ್ಮ ಉತ್ತರಿಸಿದ್ದಲ್ಲದೆ ಪ್ರಶ್ನೆಯಲ್ಲಿದ್ದ ಒಂದು ತಪ್ಪನ್ನೂ ತಿದ್ದಿದ್ದರು. ದೂರವಾಣಿ ಕಮಕ್ ಕಿಮಕ್ ಎನ್ನಲಿಲ್ಲ.

ಹತ್ತೂವರೆಗೆ ಅತ್ತೆ ರಿಸೀವರ್ ಎತ್ತಿ ಕಿವಿಗೆ ಇಟ್ಟುಕೊಂಡು ಮತ್ತೆ ಇಟ್ಟರು. "ಲೈನ್ ಇದೆ" ಎಂದರು, ಯಾರಿಗೆ ಎಂದಿಲ್ಲದೆ. ಇನ್ನು ಸ್ವಲ್ಪ ಹೊತ್ತಿಗೆ, "ಯಾವುದಕ್ಕೂ ನೀವೊಂದು ಸಲ ಒಳಗಿನಿಂದ ಫೋನ್ ಮಾಡಿ ನೋಡಿ ಅಳಿಯಂದಿರೇ. ಗಂಟೆ ಕೆಟ್ಟಿರಬಹುದು."

ಅಳಿಯ ಅಡುಗೆಮನೆಗೆ ಹೋಗಿ ತನ್ನ ಮೊಬೈಲಿನಿಂದ ಕರೆ ಮಾಡಿದ. ಗಂಟೆ ಚೆನ್ನಾಗಿಯೇ ಹೊಡೆದುಕೊಂಡಿತು. ಒಂದು ಸುತ್ತು ಮುಗಿಯುವ ಮೊದಲೇ ಇಸ್ತ್ರಿ ಮಾಡಿದ ದನಿ ಬಂತು: "ಐದನೇ ಬೋರ್ಡು, ಹೇಳಿ?" "ನಾನೇ ಅತ್ತೆ" ಎಂದ ಅಳಿಯ. "ಹೂಂ" ಎಂದು ಅವರು ಇಟ್ಟುಬಿಟ್ಟರು.

ಹನ್ನೊಂದು ಗಂಟೆಯ ಹೊತ್ತಿಗೆ ಹನ್ನೊಂದು ಉತ್ತರ ಬಂದಿದ್ದವು. ಉಳಿದದ್ದು ಮೂರನೇ ಬೋರ್ಡೊಂದೇ. ಹನ್ನೊಂದೂ ಹತ್ತಕ್ಕೆ ದೂರವಾಣಿಯ ಗಂಟೆ ಹೊಡೆದುಕೊಂಡಿತು.

ಅಳಿಯ ಕುರ್ಚಿಯ ಅಂಚಿಗೆ ಸರಿದ. ಅತ್ತೆಯ ಮುಖ ಬೆಳಗಿತು. "ಐದನೇ ಬೋರ್ಡು... ಹೇಳೇ... ಹೌದಾ?... ಒತ್ತಿದ್ಯಾ?... ಆಮೇಲೆ?... ಅಯ್ಯೋ, ಹಂಗಾ?"

"ಏನಂತೆ? ಎಲ್ಲಿ ಸಿಕ್ಕಿಹಾಕ್ಕೊಂಡರು?" ಅಳಿಯ ಎದ್ದು ನಿಂತಿದ್ದ.

ಅತ್ತೆ ರಿಸೀವರಿಗೆ ಅಂಗೈ ಮುಚ್ಚಿದರು. "ಏನೂ ಇಲ್ಲ. ಉತ್ತರ ಹೋಯ್ತಂತೆ, ಆಗಲೇ. ಅವಳಿಗೆ ಬೇಜಾರು, ಅದಕ್ಕೆ ಮಾಡಿದ್ದಾಳೆ. ಇವತ್ತು ಯಾರೂ ಮಾತಿಗೆ ಸಿಕ್ಕಲಿಲ್ಲವಂತೆ." ಅಂಗೈ ತೆಗೆದು, ಕಾಲು ಮಡಚಿಕೊಂಡು, ದಿಂಬಿಗೆ ಒರಗಿದರು. ಇಸ್ತ್ರಿ ಮಡಿಕೆ ಬಿಚ್ಚಿದ, ಉಪ್ಪು ಮುಗಿದಾಗಿನ ದನಿಯಲ್ಲಿ, "ಹೂಂ, ಹೇಳು. ಏಳನೇ ಬೋರ್ಡಿನ ಮಂಡಿ ಏನಾಯ್ತಂತೆ?" ಎಂದರು.

ಪರದೆಯ ಮೇಲೆ ಹನ್ನೆರಡನೆಯ ಉತ್ತರ ಕೂತಿತ್ತು. ಅಳಿಯ ಅದನ್ನು ಮೂರು ಸಲ ಓದಿ, ಗಡಿಬಿಡಿಯಿಂದ ಎಲ್ಲರಿಗೂ ಒಂದೇ ಒಂದು ಪ್ರಶ್ನೆಯ ಪ್ರಶ್ನಾವಳಿ ಕಳಿಸಿದ: 'ಹೊಸ ಬಟನ್ನಿನ ಬಗ್ಗೆ ನಿಮ್ಮ ಅಭಿಪ್ರಾಯವೇನು?'

ಮಧ್ಯಾಹ್ನ ಹೆಂಡತಿ ಮನೆಗೆ ಬಂದಾಗ ಅಮ್ಮನ ಫೋನು ಇನ್ನೂ ನಡೆಯುತ್ತಿತ್ತು. ಗಂಡ ನಡುಮನೆಯಲ್ಲಿ ಲ್ಯಾಪ್‌ಟಾಪಿನ ಮುಂದೆ ಗಲ್ಲಕ್ಕೆ ಕೈ ಹಚ್ಚಿ ಕೂತಿದ್ದ. ನಗುತ್ತಿದ್ದಾನೋ ಅಳುತ್ತಿದ್ದಾನೋ ಹಿಂದಿನಿಂದ ತಿಳಿಯುವಂತಿರಲಿಲ್ಲ. ಅವಳು ಹೆಗಲ ಮೇಲಿಂದ ಬಗ್ಗಿ ನೋಡಿದಳು. ಪ್ರಶ್ನಾವಳಿಗೆ ಹನ್ನೆರಡೂ ಜನ ಉತ್ತರಿಸಿದ್ದರು. ಸೂಪರ್‌ವೈಸರಮ್ಮ 'ಯಾವ ಬಟನ್ನು ಎಂದು ಸ್ಪಷ್ಟಪಡಿಸತಕ್ಕದ್ದು' ಎಂದು ಬರೆದಿದ್ದರು. ಉಳಿದ ಹನ್ನೊಂದು ಜನ 'ಯಾವ ಬಟನ್ನು?' ಎಂದಷ್ಟೇ ಬರೆದಿದ್ದರು.

"ಪಾಪ, ಎರಡು ವರ್ಷ" ಎಂದಳು ಅವಳು. "ಯಾವ ಬಟನ್ನು ಅಂತ ಈಗ ಬರೆದು ತಿಳಿಸ್ತೀರಾ?"

"ಖಂಡಿತ ಇಲ್ಲ" ಎಂದು ಅಳಿಯ ಆ ಹನ್ನೆರಡು ಸಾಲನ್ನು ಇದ್ದ ಹಾಗೆಯೇ ವರದಿಯೊಳಗೆ ಸುರಿದು, ಮೇಲೂ ಕೆಳಗೂ ಒಂದಕ್ಷರ ಸೇರಿಸದೆ ದಂತವೈದ್ಯರಿಗೆ ಕಳಿಸಿಬಿಟ್ಟ.